ಅಮೆರಿಕದ ಆಂಪ್, ಬೆಂಗಳೂರಿನ ಕರೆಂಟು: ಕೊಳ್ಳುವ ಮುನ್ನ ಹಿಂಬದಿಯ ಫಲಕ ಓದಿ

ಆಲ್ಟರ್ನೇಟಿವ್ ರಾಕ್ ಕವರ್‌ಗಳನ್ನು (ಬೇರೆ ತಂಡಗಳ ಹಾಡುಗಳನ್ನು) ನುಡಿಸುವ ನಮ್ಮ ತಂಡಕ್ಕಾಗಿ, ವೈಟ್‌ಫೀಲ್ಡ್‌ನಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ಅಮೆರಿಕದ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಅದು 120 ವೋಲ್ಟಿನದೆಂಬುದನ್ನು ಅವರು ಮುಚ್ಚಿಡಲಿಲ್ಲ. ಆದರೆ ಜೊತೆಗೆ ಕೊಡುವ, ನಮ್ಮ 230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದ್ದರೆ ಯಾವ ತೊಂದರೆಯೂ ಬಾರದೆಂದು ಭರವಸೆ ಕೊಟ್ಟರು. ಇಂಥವೇ ಆಂಪ್‌ಗಳು ಇದೇ ಭರವಸೆಯೊಂದಿಗೆ ನಗರದಲ್ಲಿ ಈಗಲೂ ಕೈಬದಲಾಗುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ತೊಂದರೆ ಮೊದಲು ಟೋನಿನ ವೇಷದಲ್ಲಿ ಬಂತು. ಈ ಬಗೆಯ ಸಂಗೀತದಲ್ಲಿ ಮೆಲುದನಿಯ ಭಾಗವೂ ಅಬ್ಬರದ ಭಾಗವೂ ಬೆನ್ನಿಗೆ ಬೆನ್ನು ಹಚ್ಚಿಕೊಂಡಿರುತ್ತವೆ. ನಿರ್ವಾನಾ ತಂಡದ ಕರ್ಟ್ ಕೋಬೇನ್ ಬಳಸುತ್ತಿದ್ದ, ಬಾಸ್ (Boss) ಕಂಪನಿಯ ಡಿಎಸ್-1 ಡಿಸ್ಟಾರ್ಷನ್ (ಸ್ವರವನ್ನು ಒರಟಾಗಿಸುವ) ಮತ್ತು ಸ್ಮಾಲ್ ಕ್ಲೋನ್ ಕೋರಸ್ ಪೆಡಲ್‌ಗಳೇ ನನ್ನಲ್ಲೂ ಇದ್ದವು. ಮೆಲುದನಿಯಲ್ಲಿ ನುಡಿಸುವಾಗ ಸ್ವರದಡಿಯಲ್ಲಿ ಗುಂಯ್‌ಗುಡುವ ಹಮ್ ಕೇಳುತ್ತಿತ್ತು. ಡಿಸ್ಟಾರ್ಷನ್ ತುಳಿದರೆ ಅದೂ ಸ್ವರದ ಜೊತೆಗೇ ಉಬ್ಬುತ್ತಿತ್ತು. ಕಾರ್ಡನ್ನು (ಒಟ್ಟಿಗೆ ಮೀಟುವ ಸ್ವರಗುಚ್ಛವನ್ನು) ಜೋರಾಗಿ ಹೊಡೆದಾಗ ಧ್ವನಿ ಒಂದು ಕ್ಷಣ ಕುಸಿದು ಮತ್ತೆ ಏಳುತ್ತಿತ್ತು. ಸಿಂಗಲ್ ಕಾಯಿಲ್ ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿಯ) ಸಹಜ ಸದ್ದು ಅದು, ಹಮ್ ತಗ್ಗಿಸುವ ಜೋಡಿ ಸುರುಳಿಯ ಹಂಬಕರ್ ಹಾಕಿಸಿ ಎಂದು ಮಾರಿದವರು ಫೋನಿನಲ್ಲಿ ಹೇಳಿದರು. ನಾಯ್ಸ್ ಗೇಟ್ ಕೊಳ್ಳಿ ಎಂದು ಜ್ಯಾಮ್ ರೂಮಿನವರು ಹೇಳಿದರು. ಗೇಟ್ ಮಾಡುವುದಿಷ್ಟೇ: ಸ್ವರಗಳ ನಡುವಿನ ಮೌನದಲ್ಲಿ ಸದ್ದನ್ನು ಮುಚ್ಚಿ, ಕರಗುತ್ತಿರುವ ಕಾರ್ಡಿನ ಬಾಲವನ್ನೂ ಕತ್ತರಿಸುತ್ತದೆ.

ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ತಿರುಗಿಸಿದರೂ ಹಮ್ ಉಳಿಯಿತು, ಆಂಪಿನಿಂದ ಕೇಬಲ್ ಕಿತ್ತರೂ ಬಹುಪಾಲು ಉಳಿಯಿತು. ಅಂದಮೇಲೆ ಪಿಕಪ್, ಪೆಡಲ್ ಎರಡೂ ನಿರಪರಾಧಿಗಳು. ಆದರೆ ನಿಜವಾದ ಅಪಾಯ ಬೇರೆಯೇ ಇತ್ತು. ಇಂದಿರಾನಗರದ ಪಬ್ ಒಂದರಲ್ಲಿ ಸೌಂಡ್‌ಚೆಕ್ ಮಾಡುತ್ತ, ಎಡಗೈ ತಂತಿಗಳ ಮೇಲಿರುವಾಗಲೇ ತುಟಿ ಮೈಕಿಗೆ ತಾಗಿದೊಡನೆ ಚುರುಕ್ ಎಂದು ಶಾಕ್ ಹೊಡೆಯಿತು. ಸೌಂಡ್ ನೋಡಿಕೊಳ್ಳುತ್ತಿದ್ದವರು ಜೇಬಿನಿಂದ ಟೆಸ್ಟರ್ ತೆಗೆದು ಆರನೆಯ ತಂತಿಗೆ ಮುಟ್ಟಿಸಿದರು. ಒಳಗಿನ ಪುಟ್ಟ ದೀಪ ಕೆಂಪಗೆ ಹತ್ತಿಕೊಂಡಿತು. ಅವರು ಒಂದು ಮಾತೂ ಆಡದೆ ಆಂಪಿನ ಪ್ಲಗ್ ಕಿತ್ತರು.

ಗಿಟಾರಿನ ತಂತಿಗಳು ಕೇಬಲಿನ ಹೊರಕವಚದ ಮೂಲಕ ಆಂಪಿನ ಲೋಹದ ಚಾಸಿಗೆ (ಒಳಚೌಕಟ್ಟಿಗೆ) ಸೇರಿರುತ್ತವೆ. ಮೈಕು ಮಿಕ್ಸರಿನ ಮೂಲಕ ಅರ್ಥಿಂಗ್‌ಗೆ ಸೇರಿರುತ್ತದೆ. ಆಂಪಿಗೆ ಅರ್ಥಿಂಗ್ ಇಲ್ಲದಿದ್ದರೆ ಎರಡರ ನಡುವಿನ ಸೇತುವೆ ನಮ್ಮ ದೇಹವೇ. ನನ್ನ ಆಂಪಿನ ಪ್ಲಗ್‌ಗೆ ಮೂರು ಪಿನ್ ಇದ್ದವು, ಆದರೆ ಟ್ರಾನ್ಸ್‌ಫಾರ್ಮರಿನ ಸಾಕೆಟ್‌ಗೆ ಇದ್ದದ್ದು ಎರಡೇ ತೂತು. ನಡುವೆ ಮಾರಿದವರೇ ಸಿಕ್ಕಿಸಿದ್ದ ಅಡಾಪ್ಟರ್ ಅರ್ಥ್ ಪಿನ್ನನ್ನು ನುಂಗಿಹಾಕಿತ್ತು. ಸೋರಿಕೆಯ ಅಲ್ಪ ವಿದ್ಯುತ್ತಿಗೂ ಟೆಸ್ಟರ್ ಉರಿಯುತ್ತದೆ, ನಿಜ. ಆದರೆ ಒಳಗಿನ ಇನ್ಸುಲೇಷನ್ ಎಂದಾದರೂ ಕೈಕೊಟ್ಟರೆ ಫ್ಯೂಸ್ ಹಾರುವ ಬದಲು ಪೂರ್ತಿ ವೋಲ್ಟೇಜ್ ಗಿಟಾರಿನ ತಂತಿಗೇ ಬಂದು ಕೂರುತ್ತದೆ.

ಎಸ್.ಪಿ. ರಸ್ತೆಯ ಬಳಿಯ ಟೆಕ್ನಿಷಿಯನ್ ಒಬ್ಬರು ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ತೋರಿಸಿದರು. ಅದು ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್. ನಮ್ಮ 230 ವೋಲ್ಟಿನ ಲೈನಿನಿಂದ ಆಂಪನ್ನು ಅದು ಬೇರ್ಪಡಿಸುವುದೇ ಇಲ್ಲ. ಅದರ ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಫೇಸ್, ನ್ಯೂಟ್ರಲ್ ಅದಲುಬದಲಾಗಿ, ಆಂಪಿಗೆ ಕರೆಂಟು ತರುವ ಎರಡೂ ವೈರುಗಳು ನೆಲಕ್ಕೆ ಹೋಲಿಸಿದರೆ ನೂರಕ್ಕೂ ಹೆಚ್ಚು ವೋಲ್ಟಿನಲ್ಲಿ ನಿಲ್ಲುತ್ತವೆ. ಲೇಬಲ್ಲಿನ ಮೇಲೆ 200 ವ್ಯಾಟ್ ಎಂದಿದ್ದರೂ ಒಳಗಿನ ಕೋರ್ ಅಷ್ಟು ಹೊರುವಂಥದಲ್ಲ. ಜೋರಾಗಿ ನುಡಿಸಿದಾಗ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಇಳಿಯುವುದು ಕಣ್ಣಿಗೇ ಕಂಡಿತು. ಕಾರ್ಡು ಕುಸಿಯುತ್ತಿದ್ದುದು ಅದರಿಂದಲೇ. ಮಾರಿದವರು ಈ ಡಬ್ಬಿಯನ್ನು ಆಂಪಿನ ತೆರೆದ ಬೆನ್ನಿನೊಳಗೆ, ಮಾರ್ದನಿ ಹುಟ್ಟಿಸುವ ರಿವರ್ಬ್ ಸ್ಪ್ರಿಂಗುಗಳಿರುವ ತಟ್ಟೆಯ ಪಕ್ಕದಲ್ಲೇ ಸ್ಕ್ರೂ ಹಾಕಿ ಕೂರಿಸಿದ್ದರು. ಅದರ ಕಾಂತಕ್ಷೇತ್ರವನ್ನು ರಿವರ್ಬಿನ ಸುರುಳಿ ಹೀರಿಕೊಳ್ಳುತ್ತಿತ್ತು; ಡಬ್ಬಿಯನ್ನು ಹೊರಗೆ ದೂರ ಇಟ್ಟೊಡನೆ ಅರ್ಧ ಹಮ್ ಮಾಯವಾಯಿತು. ಇಷ್ಟಲ್ಲದೆ ಸ್ಟೆಪ್‌ಡೌನ್ ವೋಲ್ಟೇಜನ್ನಷ್ಟೇ ಇಳಿಸುತ್ತದೆ, 50 ಹರ್ಟ್ಸನ್ನು 60 ಮಾಡುವುದಿಲ್ಲ. 60 ಹರ್ಟ್ಸ್‌ಗೆಂದೇ ತಯಾರಾದ ಆಂಪಿನ ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ.

ಕೊನೆಗೆ 230 ವೋಲ್ಟಿನ ಪವರ್ ಟ್ರಾನ್ಸ್‌ಫಾರ್ಮರನ್ನೇ ಹಾಕಿಸಿ, ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಜೋಡಿಸಿದೆವು. ಈ ಕೆಲಸಕ್ಕೆ ಯಾರೂ ತಾವೇ ಕೈಹಾಕಬೇಡಿ: ವಾಲ್ವ್ ಆಂಪಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು.

ಟೋನ್ ಕೂಡಿಸುವ ಕೆಲಸ ಆಮೇಲಷ್ಟೇ ಕೆಲಸವೆನ್ನಿಸಿಕೊಂಡಿತು. ಡಿಎಸ್-1 ಪೆಡಲ್ ಮಿಡ್‌ಗಳನ್ನು (ನಡುಮಟ್ಟದ ಸ್ವರಗಳನ್ನು) ತಗ್ಗಿಸುವುದರಿಂದ ಆಂಪಿನಲ್ಲಿ ಮಿಡ್ ಏರಿಸಿ, ಬಾಸ್ ಇಳಿಸಿ, ಪೆಡಲಿನ ಟೋನನ್ನು ನಡುವಿಗಿಂತ ಕೆಳಗಿಟ್ಟರೆ ಡ್ರಮ್ಸ್ ಮತ್ತು ಬಾಸ್ ಗಿಟಾರಿನ ನಡುವೆ ಕಾರ್ಡುಗಳು ಬಿಡಿಬಿಡಿಯಾಗಿ ಕೇಳುತ್ತವೆ. ಮೊದಲು ಹಮ್ ಹೆದರಿಕೆಯಿಂದ ಟ್ರೆಬಲ್ ಕೊಲ್ಲುತ್ತಿದ್ದೆ, ಈಗ ಅದರ ಅಗತ್ಯವಿಲ್ಲ.

ಮಾರಿದವರು ಇದ್ದದ್ದನ್ನು ಇದ್ದಂತೆಯೇ ಮಾರಿದೆ ಎಂದು ನುಣುಚಿಕೊಂಡರು, ಒಂದು ರೂಪಾಯಿಯೂ ಮರಳಲಿಲ್ಲ. ಅಗ್ಗವೆಂದು ಉಳಿದ ಹಣಕ್ಕಿಂತ ರಿಪೇರಿಗೆ ಹೆಚ್ಚು ಖರ್ಚಾಯಿತು. ಆದ್ದರಿಂದ ನೋಡಲು ಹೋಗುವ ಮೊದಲೇ ಆಂಪಿನ ಹಿಂಬದಿಯ ಫಲಕದ ಫೋಟೋ ಕೇಳಿ. ಅದರಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಷ್ಟೇ ಇದ್ದರೆ, ಟ್ರಾನ್ಸ್‌ಫಾರ್ಮರ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ. ಫೋಟೋ ಕಳಿಸಲು ಹಿಂದೆಮುಂದೆ ನೋಡುವವರ ಮನೆಗೆ ಹೋಗಲೇಬೇಡಿ.