ಲಾರಿ ಪಟ್ಟಿಯಿಂದ ಮಾಡಿದ ಕತ್ತಿ: ಹದ ಅದ್ಭುತ, ಹಿಡಿ ಸಾಲದು

ಸಾಗರದ ಕಡೆಯ ಒಂದು ಹಳ್ಳಿ ಕುಲುಮೆಯಲ್ಲಿ ಹೇಳಿ ಮಾಡಿಸಿದ ಕತ್ತಿ ಇದು. ತುದಿ ಬಾಗಿದ ತೋಟದ ಕತ್ತಿಯಲ್ಲ, ಅಡುಗೆಮನೆಗೆ ಅಂತಲೇ ನೇರ ಅಲಗಿನದು. ಹುಣಸೆ ಮರದ ಹಿಡಿ, 650 ರೂಪಾಯಿ. ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಉಕ್ಕು ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯದು. ಗುಜರಿ ಮಾಲು ಅಂತ ಮೂಗು ಮುರಿಯಬೇಡಿ. ಅದರಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟು ಇರುತ್ತದೆ. ಕಿಟಕಿ ಸರಳಿನ ಮೆದು ಕಬ್ಬಿಣದಲ್ಲಿ ಇದರ ಅರ್ಧವೂ ಇರಲ್ಲ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಕತ್ತಿಗೆ ಬೇಕಾದ ಗಡಸು ಬರುವುದಿಲ್ಲ.

ಹದ ಹಾಕುವಾಗ ಪಕ್ಕದಲ್ಲೇ ನಿಂತಿದ್ದೆ. ಅಲಗು ಕೆಂಪಾದಾಗ ಅಯಸ್ಕಾಂತ ತಾಗಿಸಿ ನೋಡಿದರು. ಸುಮಾರು 770 ಡಿಗ್ರಿ ದಾಟಿದರೆ ಅದು ಅಂಟುವುದಿಲ್ಲ. ಇನ್ನೊಂಚೂರು ಕಾಯಿಸಿ ಎಣ್ಣೆಗೆ ಅದ್ದಿದರು. ನೀರಿಗೆ ಹಾಕಿದರೆ ಈ ಉಕ್ಕು ಬಿರುಕು ಬಿಡುವ ಭಯ ಜಾಸ್ತಿ. ಅದ್ದಿದ ಅಲಗು ಗಾಜಿನ ಹಾಗೆ, ಕೈತಪ್ಪಿ ಬಿದ್ದರೂ ಮುರಿಯಬಹುದು. ಅದಕ್ಕೇ ಮಸಿ ಉಜ್ಜಿ ಹೊಳಪು ಬರಿಸಿ, ಕಾದ ಕಬ್ಬಿಣದ ಗಟ್ಟಿಯ ಮೇಲೆ ಅಲಗಿನ ಬೆನ್ನು ತಾಗಿಸಿ ಹಿಡಿದರು. ಆಗ ಬಣ್ಣ ಓಡುವುದನ್ನು ನೋಡಬೇಕು! ಬೆನ್ನಲ್ಲಿ ನೀಲಿ, ಅದರ ಮುಂದೆ ನೇರಳೆ, ಕಂದು, ಎಲ್ಲಕ್ಕಿಂತ ಮುಂದೆ ಒಣಹುಲ್ಲಿನ ಹಳದಿ. ಆ ಹಳದಿ ಬಣ್ಣ ಬಾಯಿಯನ್ನು (ಹರಿತದ ಅಂಚನ್ನು) ಮುಟ್ಟಿದ್ದೇ ತಡ, ಅಲಗನ್ನು ನೀರಿಗೆ ಇಳಿಸಿದರು. ಬಾಯಿ ಸುಮಾರು 230 ಡಿಗ್ರಿಗೇ ನಿಂತಿತು, ಗಡಸು ಉಳಿಯಿತು. ಬೆನ್ನು 300ರ ಹತ್ತಿರ ಹೋಗಿ ಪೆಟ್ಟು ತಡೆಯುವಷ್ಟು ಮೆತ್ತಗಾಯಿತು. ಥರ್ಮಾಮೀಟರ್ ಇಲ್ಲ, ಬರೀ ಕಣ್ಣಳತೆ. ಇದಕ್ಕೇ ಅಲ್ವಾ ನಾವು ದುಡ್ಡು ಕೊಡೋದು?

ಸುವರ್ಣಗೆಡ್ಡೆ, ಎಳೆ ಹಲಸು, ಮೀನು ಎಲ್ಲ ಹೆಚ್ಚಿದ್ದೇನೆ. ಬಾಯಿ ಎಲ್ಲೂ ಚಕ್ಕೆ ಎದ್ದಿಲ್ಲ. ಮಸೆಗಲ್ಲಿನ ಮೇಲೆ ಸುಮ್ನೆ ಆಗಾಗ ಎಳೆದರೆ ಸಾಕು, ಹಣ್ಣು ಟೊಮೆಟೊ ಸಿಪ್ಪೆಯ ಮೇಲೂ ಜಾರುವುದಿಲ್ಲ.

ದೂರು ಹಿಡಿಯದ್ದು. ಅಲಗಿನ ಬಾಲ ಕಾಯಿಸಿ ಮರಕ್ಕೆ ಇಳಿಸಿದ್ದಾರೆ, ಸಂದಿಗೆ ಅರಗು ತುಂಬಿಲ್ಲ. ಮಳೆಯ ಥಂಡಿಗೆ ಮರ ಉಬ್ಬಿತು, ಒಣಗಿದ ಮೇಲೆ ಹಿಡಿ ಅಲುಗತೊಡಗಿತು. ಇಷ್ಟು ಚಂದ ಹದ ಹಾಕುವವರು ಹಿಡಿಗೆ ಅವಸರ ಮಾಡಿದ್ದು ನಿಜಕ್ಕೂ ಬೇಸರ. ವಾಪಸ್ ಒಯ್ದಾಗ ದುಡ್ಡು ತಗೊಳ್ಳದೆ ಅರಗು ತುಂಬಿ ಕೊಟ್ಟರು, ಈಗ ಭದ್ರವಾಗಿದೆ.

ಹುಣಸೆಹಣ್ಣು, ಲಿಂಬೆ ತಾಗಿದರೆ ಅಲಗು ಕಪ್ಪಾಗುತ್ತದೆ. ಅದು ದೋಷವಲ್ಲ. ತೊಳೆದ ಕೂಡಲೇ ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಕತ್ತಿಯನ್ನು ಸಿಂಕಿನಲ್ಲಿ ರಾತ್ರಿಯಿಡೀ ಬಿಡುವವರು ಸ್ಟೇನ್‌ಲೆಸ್ ತಗೊಳ್ಳುವುದೇ ವಾಸಿ. ಮಾಡಿಸುವವರು ಹಿಡಿಗೆ ಅರಗು ತುಂಬಬೇಕು ಅಂತ ಮುಂಚೆಯೇ ಹೇಳಿಬಿಡಿ.