ನೆನಪಿನ ಪುಸ್ತಕ ಮಾಡಿಸಿದ ಡಿಟಿಪಿ ಅಂಗಡಿ, ವಿಜಯಪುರ

ಈ ವರ್ಷ ನಮ್ಮ ಓಣ್ಯಾಗ ಐದು ಮಂದಿ ಹಿರ್ಯಾರು ತೀರಿಕೊಂಡ್ರು, ಫ್ಲೆಕ್ಸ್ ಹಾಕಿದ್ರ ಹದಿನೈದು ದಿನಕ್ಕ ಹರದು ಗಟಾರಕ್ಕ ಬೀಳ್ತೈತಿ ಅಂತ ಒಬ್ಬೊಬ್ಬರ ಬದುಕಿನ ಬಗ್ಗೆ ಎರಡೆರಡು ಪುಟ ಬರದು ಸಣ್ಣ ಪುಸ್ತಕ ಮಾಡಿಸಿದ್ವಿ. ಪ್ರಿಂಟು ಭಾರಿ ಬಂದೈತ್ರಿ. ಒಬ್ಬ ಅಜ್ಜಿದು ಇದ್ದದ್ದ ರೇಷನ್ ಕಾರ್ಡಿನ ಮಾಸಿದ ಫೋಟೋ ಒಂದ, ಅದನ್ನ ಅಂಗಡಿ ಹುಡುಗ ತಾಸುಗಟ್ಲೆ ಕುಂತು ತಿದ್ದಿ ಮೂಗುಬಟ್ಟು ಸೈತ ಕಾಣೂ ಹಂಗ ಮಾಡ್ಯಾನ, ನೋಡಿ ಮಗಳು ಅತ್ತಬಿಟ್ಲು.

ಆದ್ರ ಒಂದ ಟೆಂಪ್ಲೇಟ್ ಇಟ್ಕೊಂಡು ಐದೂ ಮಂದಿಗೆ ‘ಲಿಂಗೈಕ್ಯ’ ಅಂತ ಹೊಡದಿದ್ದ! ಟೇಲರ್ ಚಾಚಾಗೂ! ಪ್ರೂಫ್ ನೋಡಿದ್ದಕ್ಕ ಬಚಾವ್, ‘ಮರ್ಹೂಮ್’ (ಮುಸ್ಲಿಮರಾಗ ದಿವಂಗತ ಅನ್ನೂ ಮಾತು) ಅಂತ ಮಾಡಿಸಿದ್ವಿ, ಚಾಚಾ ಇದ್ದಿದ್ರ ಹೊಟ್ಟಿ ಹಿಡ್ಕೊಂಡು ನಗ್ತಿದ್ರು. ವಾಟ್ಸಾಪಿನಾಗ ಕಳಿಸಿದ ಯೂನಿಕೋಡ್ ಬರಹ ಅಂಗಡ್ಯಾರ ‘ನುಡಿ’ ಅನ್ನೂ ಕನ್ನಡ ಫಾಂಟಿಗೆ ಹಾಕೂ ಮುಂದ ಒತ್ತಕ್ಷರ ಅಲ್ಲಲ್ಲಿ ಕೆಟ್ಟಿದ್ವು, ಎರಡು ಸಲ ತಿದ್ದಬೇಕಾತು.

ನಮ್ಮೂರ ಜ್ಞಾನಯೋಗಾಶ್ರಮದ ಸ್ವಾಮಿಗಳು ಸಿದ್ಧೇಶ್ವರ ಅಪ್ಪಾರು 2023ರ ಜನವರಿ 2ಕ್ಕ ಹೋದ್ರು, ಅದಕ್ಕಿಂತ ಎಷ್ಟೋ ಮೊದಲ ನನಗ ಸ್ಮಾರಕ ಬ್ಯಾಡ ಅಂತ ಬರದಿಟ್ಟಿದ್ರು, ಅಂಥಾರ ಊರಾಗ ಇದ್ಯಾಕ ಅಂತ ಒಬ್ರು ಕೇಳಿದ್ರು. ಇದೇನ ಕಲ್ಲಿನ ಗುಡಿ ಅಲ್ರೀ, ಮೊಮ್ಮಕ್ಕಳು ಓದಲಿ ಅಂತ. ರೇಟು ಉಳದ ಕಡಿಗಿಂತ ಸ್ವಲ್ಪ ಜಾಸ್ತಿ. ಪ್ರೂಫ್ ಮಾತ್ರ ನೀವ ಕುಂತು ಓದ್ರಿ.