ಹಂಗರ್ ಗೇಮ್ಸ್: ಮನೆಗೆ ಅನ್ನ ತರುವ ಹುಡುಗಿಯ ಕಥೆ

ಪ್ರಿಮ್ ಅಂತ 12 ವರ್ಷದ ಹುಡುಗಿ. ಅಕ್ಕನ ಹಳೇ ಲಂಗ, ಬ್ಲೌಸು ಹಾಕಿಕೊಂಡಿದ್ದಾಳೆ. ಅಳತೆ ದೊಡ್ಡದು. ಅಮ್ಮ ಅಲ್ಲಲ್ಲಿ ಪಿನ್ನು ಚುಚ್ಚಿ ಕೂರಿಸಿದ್ದಾಳೆ. ಆದರೂ ಬ್ಲೌಸು ಹಿಂದುಗಡೆ ಲಂಗದಿಂದ ಆಚೆ ಬಂದು ಬಾತುಕೋಳಿ ಬಾಲದ ಹಾಗೆ ಕಾಣುತ್ತದೆ. ಮನೆಯಿಂದ ಹೊರಡುವ ಮೊದಲು ಅಕ್ಕ ಅದನ್ನು ಒಳಗೆ ಸಿಕ್ಕಿಸಿ ರೇಗಿಸುತ್ತಾಳೆ. ಮಧ್ಯಾಹ್ನ ಊರ ನಡುವಿನ ಚೌಕದಲ್ಲಿ ಚೀಟಿ ಎತ್ತುತ್ತಾರೆ. ಪ್ರಿಮ್ ಹೆಸರು ಬರುತ್ತದೆ. ಸಾವಿನ ಆಟಕ್ಕೆ ಮಕ್ಕಳನ್ನು ಆರಿಸುವ ಚೀಟಿ ಅದು. ಅಕ್ಕನಿಗೆ ಏನೂ ತೋಚುವುದಿಲ್ಲ. ತಂಗಿ ಮುಷ್ಟಿ ಬಿಗಿದುಕೊಂಡು ವೇದಿಕೆ ಕಡೆ ನಡೆಯುತ್ತಿದ್ದಾಳೆ. ಬ್ಲೌಸು ಮತ್ತೆ ಆಚೆ ಬಂದಿದೆ. ಅದು ಕಣ್ಣಿಗೆ ಬಿದ್ದಾಗಲೇ ಅಕ್ಕನಿಗೆ ಎಚ್ಚರವಾಗುವುದು. ಓಡಿ ಹೋಗಿ ತಂಗಿಯನ್ನು ಹಿಂದಕ್ಕೆ ತಳ್ಳಿ, ನಾನು ಹೋಗುತ್ತೇನೆ ಅನ್ನುತ್ತಾಳೆ.

ನಾನು ತುಮಕೂರಿನಲ್ಲಿ ಟೈಲರ್. 17 ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ಅಕ್ಕನ ಯೂನಿಫಾರಂ ತಂಗಿಗೆ ಕೂರಿಸಿಕೊಡಿ ಅಂತ ಜೂನ್ ತಿಂಗಳು ಪೂರ್ತಿ ಜನ ಬರುತ್ತಾರೆ. ಪಕ್ಕದಲ್ಲಿ ಎಷ್ಟೇ ಹಿಡಿದರೂ ಭುಜ ಜಾರುತ್ತದೆ, ಹಿಂದೆ ಆ ಬಾಲ ಬಂದೇ ಬರುತ್ತದೆ. ಆ ಒಂದು ಸಾಲು ಓದಿದ ಮೇಲೆ ಈ ಲೇಖಕಿಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂತು.

ಪುಸ್ತಕ ‘ದಿ ಹಂಗರ್ ಗೇಮ್ಸ್’. ಬರೆದವರು ಅಮೆರಿಕದ ಸುಝಾನ್ ಕಾಲಿನ್ಸ್. ಮೊದಲು ಮಕ್ಕಳ ಟಿವಿ ಕಾರ್ಯಕ್ರಮಗಳಿಗೆ ಬರೆಯುತ್ತಿದ್ದವರು. ಇದು ಬಂದಿದ್ದು 2008ರಲ್ಲಿ. ಒಂದು ರಾತ್ರಿ ಟಿವಿ ಚಾನೆಲ್ ಬದಲಾಯಿಸುತ್ತಾ ಕೂತಿದ್ದಾಗ ಒಂದರಲ್ಲಿ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧ ಬರುತ್ತಿತ್ತಂತೆ. ಎರಡೂ ತಲೆಯಲ್ಲಿ ಕಲಸಿಕೊಂಡು ಈ ಕಥೆ ಹುಟ್ಟಿತು ಅಂತ ಅವರೇ ಹೇಳಿದ್ದಾರೆ.

ನಮ್ಮ ಮನೆಗೆ ಇದನ್ನು ತಂದವಳು ಮಗಳು, 9ನೇ ಕ್ಲಾಸು. ಗೆಳತಿಯ ಪುಸ್ತಕ, ಮೂಲೆಯೆಲ್ಲ ಮಡಚಿತ್ತು. "ಅಮ್ಮ, ನೀನೂ ಓದು, ನಿನಗೆ ಇಷ್ಟ ಆಗುತ್ತೆ" ಅಂದಳು. ನಾನು ಓದಿದ್ದೆಲ್ಲ ಕನ್ನಡ ಮೀಡಿಯಂ, ಅದೂ ಎಸ್ಸೆಸ್ಸೆಲ್ಸಿವರೆಗೆ. ಅಂಗಡಿ ಬಾಗಿಲು ಹಾಕಿದ ಮೇಲೆ ಮಿಷಿನ್ ಲೈಟಿನ ಕೆಳಗೆ ಇಟ್ಟುಕೊಂಡು, ಪಕ್ಕದಲ್ಲಿ ಮೊಬೈಲು ಡಿಕ್ಷನರಿ ತೆಗೆದು, 19 ರಾತ್ರಿ ಓದಿದೆ.

ಕಥೆ ನಡೆಯುವುದು ಮುಂದೆ ಯಾವುದೋ ಕಾಲದಲ್ಲಿ. ಉತ್ತರ ಅಮೆರಿಕ ಹಾಳಾಗಿ ಅಲ್ಲಿ ಪ್ಯಾನೆಮ್ ಅನ್ನುವ ದೇಶ ಇದೆ. ನಡುವೆ ಕ್ಯಾಪಿಟಲ್ ಅನ್ನುವ ಸಿರಿವಂತ ನಗರ, ಸುತ್ತ ಅದಕ್ಕಾಗಿ ದುಡಿಯುವ 12 ಜಿಲ್ಲೆ. ಹಿಂದೆ ಒಮ್ಮೆ ಜಿಲ್ಲೆಗಳು ದಂಗೆ ಎದ್ದಿದ್ದವು, ಸೋತವು. ಅದರ ಶಿಕ್ಷೆಯಾಗಿ ಪ್ರತಿ ವರ್ಷ ಒಂದೊಂದು ಜಿಲ್ಲೆಯಿಂದ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಕಳಿಸಬೇಕು. 24 ಮಕ್ಕಳು. ಒಬ್ಬರು ಉಳಿಯುವವರೆಗೆ ಒಬ್ಬರನ್ನೊಬ್ಬರು ಕೊಲ್ಲಬೇಕು. ಇದನ್ನು ದೇಶಕ್ಕೆ ದೇಶವೇ ಟಿವಿಯಲ್ಲಿ ನೋಡಬೇಕು. ಆ ಮಕ್ಕಳಿಗೆ ‘ಟ್ರಿಬ್ಯೂಟ್’ ಅಂತ ಹೆಸರು. ನಮ್ಮಲ್ಲಿ ಸೋತ ರಾಜ ಗೆದ್ದವನಿಗೆ ಕೊಡುತ್ತಿದ್ದ ಕಪ್ಪ ಅನ್ನುತ್ತೇವಲ್ಲ, ಅದೇ. ಚೀಟಿ ಎತ್ತುವ ದಿನಕ್ಕೆ ‘ರೀಪಿಂಗ್’, ಅಂದರೆ ಕೊಯ್ಲು. ದೇಶದ ಹೆಸರಿಗೂ ಅರ್ಥ ಇದೆ. ಲ್ಯಾಟಿನ್‌ನಲ್ಲಿ ‘ಪ್ಯಾನೆಮ್’ ಅಂದರೆ ರೊಟ್ಟಿ. ಜನಕ್ಕೆ ರೊಟ್ಟಿ ಕೊಟ್ಟು ಆಟ ತೋರಿಸಿದರೆ ಸುಮ್ಮನಿರುತ್ತಾರೆ ಅನ್ನುವ ರೋಮ್‌ನ ಹಳೇ ಮಾತಿನಿಂದ ಬಂದದ್ದು.

ನಾಯಕಿ, ಅಂದರೆ ಪ್ರಿಮ್ ಅಕ್ಕ ಕ್ಯಾಟ್ನಿಸ್‌ಗೆ 16 ವರ್ಷ. 12ನೇ ಜಿಲ್ಲೆಯವಳು. ಅದು ಕಲ್ಲಿದ್ದಲು ಗಣಿಯ ಜಾಗ. ಅವಳು ಬಿಲ್ಲು ಹಿಡಿದರೆ ಗುರಿ ತಪ್ಪುವುದು ಅಪರೂಪ. ಧೈರ್ಯವಂತ ಹುಡುಗಿ, ಬಿಲ್ಲುಗಾತಿ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ. ನನಗೆ ಅವಳು ಹತ್ತಿರವಾಗಿದ್ದು ಬೇರೆ ಕಾರಣಕ್ಕೆ. ಒಂದು ಮನೆಯ ಹೊಟ್ಟೆ ತುಂಬಿಸುವುದು ಅವಳ ತಲೆ ಮೇಲಿದೆ. ಅವಳ ಗಟ್ಟಿತನವೆಲ್ಲ ಹುಟ್ಟುವುದು ಅಲ್ಲಿಂದ. ಬಿಲ್ಲು ಹಿಡಿದದ್ದೂ ಅದಕ್ಕೇ.

ಚೀಟಿಯ ಲೆಕ್ಕವನ್ನೇ ನೋಡಿ. 12 ವರ್ಷಕ್ಕೆ ನಿಮ್ಮ ಹೆಸರಿನ 1 ಚೀಟಿ, 13ಕ್ಕೆ 2, ಹೀಗೆ ವರ್ಷಕ್ಕೊಂದು ಸೇರುತ್ತಾ ಹೋಗುತ್ತದೆ. ಮನೆಯಲ್ಲಿ ಊಟಕ್ಕಿಲ್ಲ ಅಂದರೆ ಇನ್ನೂ ಒಂದು ಚೀಟಿ ಹಾಕಿಸಬಹುದು. ಅದಕ್ಕೆ ಬದಲಾಗಿ ಒಬ್ಬರಿಗೆ ಒಂದು ವರ್ಷಕ್ಕೆ ಕಾಳು, ಎಣ್ಣೆ ಕೊಡುತ್ತಾರೆ. ಅದೂ ಅರೆಹೊಟ್ಟೆಗೆ ಸಾಕಾಗುವಷ್ಟು. ಅದರ ಹೆಸರು ಟೆಸ್ಸೆರಾ. ಕ್ಯಾಟ್ನಿಸ್ 12ನೇ ವರ್ಷದಿಂದ ಅಮ್ಮ, ತಂಗಿ, ತಾನು ಮೂವರಿಗೂ ತನ್ನ ಹೆಸರಿನ ಚೀಟಿಯನ್ನೇ ಹಾಕಿಸಿ ತೆಗೆದುಕೊಂಡಿದ್ದಾಳೆ. ಮಗಳ ರಫ್ ನೋಟ್‌ಬುಕ್ಕಿನ ಹಿಂದೆ ನಾನು ಲೆಕ್ಕ ಹಾಕಿದೆ. 5 ವರ್ಷಕ್ಕೆ ಮಾಮೂಲಿ ಚೀಟಿ 5, ಊಟದ ಚೀಟಿ 15. ಒಟ್ಟು 20. ಅವಳ ಗೆಳೆಯ ಗೇಲ್‌ಗೆ 18 ವರ್ಷ, ಮನೆಯಲ್ಲಿ 5 ಜನ. 7 ಮತ್ತು 35, ಒಟ್ಟು 42. ಊರಿನ ಉಳ್ಳವರ ಮಕ್ಕಳಿಗೆ ಮಾಮೂಲಿ ಚೀಟಿ ಮಾತ್ರ. ಹಸಿದಷ್ಟೂ ಸಾವು ಹತ್ತಿರ. ಅದನ್ನು ಬರೆದು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ತಂಗಿ ಹೆಸರಿನಲ್ಲಿ ಅವಳು ಒಂದೂ ಊಟದ ಚೀಟಿ ಹಾಕಿಸಿಲ್ಲ. ಪ್ರಿಮ್‌ದು ಇದ್ದದ್ದು ಒಂದೇ ಒಂದು ಚೀಟಿ. ಬಂದಿದ್ದೂ ಅದೇ.

ಇಲ್ಲಿ ನನ್ನ ಮಾತು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈ ಪುಸ್ತಕ ನನಗೆ ಯಾಕೆ ಇಷ್ಟು ತಾಗಿತು ಅಂತ ಗೊತ್ತಾಗುವುದಿಲ್ಲ. ನಮ್ಮ ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿ. 1996ರಲ್ಲಿ, ನಾನು 8ನೇ ಕ್ಲಾಸಿನಲ್ಲಿದ್ದಾಗ ಹೋಗಿಬಿಟ್ಟರು. ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದವಳು ನಾಲ್ಕು ತಿಂಗಳು ಏಳಲಿಲ್ಲ. ತಮ್ಮನಿಗೆ 7 ವರ್ಷ. ಸೀಮೆಎಣ್ಣೆ ಕ್ಯಾನು ಹಿಡಿದು ರೇಷನ್ ಅಂಗಡಿ ಮುಂದೆ ನಿಂತರೆ, ದೊಡ್ಡವರನ್ನು ಕಳಿಸು ಅಂತ ವಾಪಸ್ ಕಳಿಸುತ್ತಿದ್ದರು. ನಾನು, ತಮ್ಮ ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಹೊನಗೊನೆ ಸೊಪ್ಪು ಕಿತ್ತು ತರುತ್ತಿದ್ದೆವು. ಬೆರಕೆ ಸೊಪ್ಪಿನ ಸಾರು, ರಾಗಿ ಇದ್ದ ದಿನ ಮುದ್ದೆ.

ಕ್ಯಾಟ್ನಿಸ್ ಅಪ್ಪನೂ ಅವಳ 11ನೇ ವಯಸ್ಸಿನಲ್ಲಿ ಗಣಿ ಸ್ಫೋಟದಲ್ಲಿ ಸತ್ತಿರುತ್ತಾನೆ. ಅವಳ ಅಮ್ಮನೂ ಹಾಗೇ, ಕುರ್ಚಿಯಲ್ಲೋ ಹಾಸಿಗೆಯಲ್ಲೋ ಎಲ್ಲೋ ನೋಡುತ್ತಾ ಇದ್ದುಬಿಡುತ್ತಾಳೆ. ಒಂದು ದಿನ ಮಳೆಯಲ್ಲಿ ಹುಡುಗಿ ತಂಗಿಯ ಮಗುವಾಗಿದ್ದಾಗಿನ ಬಟ್ಟೆ ಮಾರಲು ಹೋಗಿ, ಯಾರೂ ಕೊಳ್ಳದೆ, ಬೇಕರಿಯ ಹಿಂದೆ ಕಸದ ಡಬ್ಬ ನೋಡುತ್ತಾಳೆ. ಬೇಕರಿಯ ಹೆಂಗಸು ಬೈದು ಓಡಿಸುತ್ತಾಳೆ. ಆಮೇಲೆ ಅವಳ ಮಗ ಸೀದುಹೋದ ಎರಡು ಬ್ರೆಡ್ಡು ಹಿಡಿದು ಆಚೆ ಬರುತ್ತಾನೆ. ಕೆನ್ನೆ ಮೇಲೆ ಏಟಿನ ಬರೆ. ಹಂದಿಗೆ ಹಾಕು ಅಂತ ತಾಯಿ ಒಳಗಿಂದ ಕೂಗುತ್ತಿದ್ದಾಳೆ. ಅವನು ಆ ಕಡೆ ಈ ಕಡೆ ನೋಡಿ, ಇವಳ ಮುಖವನ್ನೂ ನೋಡದೆ, ಬ್ರೆಡ್ಡನ್ನು ಇವಳ ಕಡೆ ಎಸೆದು ಒಳಗೆ ಹೋಗುತ್ತಾನೆ. ಇವಳು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ಓಡುತ್ತಾಳೆ. ಬಿಸಿ ಬ್ರೆಡ್ಡು ಮೈ ಸುಡುತ್ತಿದ್ದರೂ ಇನ್ನೂ ಗಟ್ಟಿಯಾಗಿ ಅವುಚಿಕೊಳ್ಳುತ್ತಾಳೆ. ಮನೆಯಲ್ಲಿ ಕಪ್ಪು ಹೆರೆದು, ಅಮ್ಮನನ್ನೂ ಎಳೆದು ಕೂರಿಸಿ ತಿನ್ನುತ್ತಾರೆ. ಮಾರನೇ ದಿನ ಸ್ಕೂಲಿನಲ್ಲಿ ಆ ಹುಡುಗನನ್ನು ನೋಡುತ್ತಾಳೆ, ಮುಖ ಊದಿದೆ. ಕಣ್ಣು ತಗ್ಗಿಸಿದರೆ ನೆಲದಲ್ಲಿ ಒಂದು ಹಳದಿ ಹೂವು. ಡ್ಯಾಂಡೆಲಿಯನ್, ಅದರ ಸೊಪ್ಪು ತಿನ್ನಬಹುದು. ಬಕೆಟ್ ತುಂಬ ಕಿತ್ತು ತರುತ್ತಾರೆ. ಆ ರಾತ್ರಿ ನಾನು ಮುಂದೆ ಓದಲಿಲ್ಲ.

ಅದೇ ಹುಡುಗ ಪೀಟಾ. ಈಗ ಆಟಕ್ಕೆ 12ನೇ ಜಿಲ್ಲೆಯಿಂದ ಅವಳ ಜೊತೆ ಆಯ್ಕೆಯಾಗುವವನೂ ಅವನೇ. ಯಾರ ಅನ್ನದ ಋಣ ಇದೆಯೋ ಅವನನ್ನೇ ಕೊಲ್ಲಬೇಕು. ಕಥೆಯ ಬಿಗಿ ಇರುವುದು ಇಲ್ಲಿ.

ಟೈಲರ್ ಆಗಿ ಇನ್ನೊಂದು ಮಾತು. ಸಿನ್ನಾ ಅಂತ ಒಬ್ಬ ವಸ್ತ್ರವಿನ್ಯಾಸಕ ಬರುತ್ತಾನೆ. ಕಲ್ಲಿದ್ದಲು ಜಿಲ್ಲೆಯ ಮಕ್ಕಳಿಗೆ ಯಾವಾಗಲೂ ಗಣಿ ಕೆಲಸದವರ ವೇಷ ಹಾಕುತ್ತಿದ್ದರು. ಇವನು ಕಲ್ಲಿದ್ದಲು ಅಂದರೆ ಉರಿಯುವುದು ತಾನೇ ಅಂತ ಯೋಚಿಸುತ್ತಾನೆ. ಕುತ್ತಿಗೆಯಿಂದ ಕಣಕಾಲಿನವರೆಗೆ ಒಂದೇ ಕಪ್ಪು ಉಡುಪು, ಹಿಂದೆ ಬೆಂಕಿ ಹತ್ತಿಕೊಳ್ಳುವ ಮೇಲಂಗಿ. ಬಟ್ಟೆ ಒಬ್ಬ ಮನುಷ್ಯನಿಗೆ ಏನು ಕೊಡಬಲ್ಲದು ಅಂತ ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಆಟದ ಕಣದಲ್ಲಿ ರೂ ಅನ್ನುವ 12 ವರ್ಷದ ಹುಡುಗಿ ಸಿಗುತ್ತಾಳೆ. ಬೇಸಾಯದ 11ನೇ ಜಿಲ್ಲೆಯವಳು, 6 ಮಕ್ಕಳಲ್ಲಿ ಹಿರಿಯಳು. ಬೆಳೆಯುವವರು ಅವರೇ, ಆದರೂ ಸುಗ್ಗಿಯಲ್ಲಿ ತಿಂದರೆ ಚಾಟಿ ಏಟು. ಇಬ್ಬರೂ ಕಾಡಿನಲ್ಲಿ ಹಕ್ಕಿ ಮಾಂಸ, ಗೆಡ್ಡೆ ಹಂಚಿಕೊಂಡು ತಿನ್ನುವ ಪುಟಗಳನ್ನು ನಾನು ಎರಡು ಸಲ ಓದಿದೆ. ಮುಂದೇನಾಗುತ್ತದೆ ಹೇಳುವುದಿಲ್ಲ. ಆಮೇಲೆ 11ನೇ ಜಿಲ್ಲೆಯ ಬಡವರು ದುಡ್ಡು ಕೂಡಿಸಿ ಕ್ಯಾಟ್ನಿಸ್‌ಗೆ ಒಂದು ಸಣ್ಣ ಬ್ರೆಡ್ಡು ಕಳಿಸುತ್ತಾರೆ. ರೇಷನ್ ಕಾಳಿನದು, ಅರ್ಧಚಂದ್ರದ ಆಕಾರ, ಮೇಲೆ ಬೀಜ ಉದುರಿಸಿದ್ದು. ಅಷ್ಟು ಹೇಳಿದರೆ ಸಾಕು.

ಪುಸ್ತಕದಲ್ಲಿ ಊರ ಜನ ಮೂರು ಬೆರಳು ತುಟಿಗೆ ಒತ್ತಿ ಕ್ಯಾಟ್ನಿಸ್ ಕಡೆ ಎತ್ತಿ ಹಿಡಿದು ಗೌರವ ತೋರಿಸುವ ಒಂದು ಸನ್ನೆ ಇದೆ. ಅದೇ ಥರ 2014ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದಾಗ ಜನ ಬೀದಿಯಲ್ಲಿ ಮೂರು ಬೆರಳು ಎತ್ತಿದ್ದರು. 2021ರಲ್ಲಿ ಮ್ಯಾನ್ಮಾರ್‌ನಲ್ಲೂ ಎತ್ತಿದರು. ಮಗಳು ಫೋಟೋ ತೋರಿಸಿದಳು.

ಇಷ್ಟವಾಗದ್ದೂ ಇದೆ. 24 ಮಕ್ಕಳಲ್ಲಿ ಎಷ್ಟೋ ಜನಕ್ಕೆ ಹೆಸರೇ ಇಲ್ಲ. ನರಿ ಮುಖದವಳು, 3ನೇ ಜಿಲ್ಲೆಯ ಹುಡುಗ, ಅಷ್ಟೇ. ಅವರೂ ಯಾರದೋ ಮನೆಯ ಮಕ್ಕಳು ಅಲ್ವಾ? ಗುಹೆಯೊಳಗಿನ ಪ್ರೀತಿಯ ಭಾಗ ಎಳೆದ ಹಾಗಿದೆ. ಕೊನೆಗೆ ಬರುವ ಕೃತಕ ಮೃಗಗಳು ನನಗೆ ಒಗ್ಗಲಿಲ್ಲ. ಅಷ್ಟು ಹೊತ್ತು ಮಕ್ಕಳ ಕೈಯಲ್ಲಿದ್ದ ಭಯ ಅಲ್ಲಿ ಸುಮ್ನೆ ಬೇರೆ ಕಡೆ ಹೋಗುತ್ತದೆ.

ಇಂಗ್ಲಿಷ್ ಕಷ್ಟವಿಲ್ಲ. ಚಿಕ್ಕ ವಾಕ್ಯ, ಎಲ್ಲಾ ಈಗ ನಡೆಯುತ್ತಿರುವಂತೆ ಅವಳೇ ಹೇಳುತ್ತಾಳೆ. 27 ಅಧ್ಯಾಯ. ಪ್ರತಿಯೊಂದರ ಕೊನೆಗೆ ಮುಂದಿನದು ಓದಲೇಬೇಕು ಅನ್ನುವ ಹಾಗೆ ನಿಲ್ಲಿಸುತ್ತಾರೆ. ಕನ್ನಡ ಮೀಡಿಯಂನಲ್ಲಿ ಓದಿದವರು ಮೊದಲ ಇಂಗ್ಲಿಷ್ ಕಾದಂಬರಿ ಅಂತ ಇದನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಮೊದಲ 40 ಪುಟ ದಾಟಿದರೆ ಡಿಕ್ಷನರಿ ಮರೆತೇಹೋಗುತ್ತದೆ. ಮಕ್ಕಳಿಗಾದರೆ 13 ವರ್ಷದ ಮೇಲೆ ಕೊಡಿ, ಕೊಲೆಗಳು ನಿಜವಾಗಿಯೂ ಇವೆ. ಸಾಧ್ಯವಾದರೆ ನೀವೂ ಜೊತೆಗೆ ಓದಿ. 2012ರ ಸಿನಿಮಾದಲ್ಲಿ ಜೆನ್ನಿಫರ್ ಲಾರೆನ್ಸ್ ಚೆನ್ನಾಗಿ ಮಾಡಿದ್ದಾರೆ. ಆದರೆ ಪುಸ್ತಕದಲ್ಲಿರುವ ಹಸಿವು ಪರದೆ ಮೇಲೆ ಅಷ್ಟು ಬರಲಿಲ್ಲ. ಪುಸ್ತಕವನ್ನೇ ಮೊದಲು ಓದಿ.

ಹೋದ ಭಾನುವಾರ ತಿಪಟೂರಿಗೆ ಹೋಗಿದ್ದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಪೂರ್ತಿ ಕಥೆ ಹೇಳಿದೆ. ಕ್ಯಾಟ್ನಿಸ್ ಹೊರಡುವ ಮುಂಚೆ ತಾಯಿಗೆ, ಇನ್ನೊಂದು ಸಲ ಹಾಗೆ ನಮ್ಮನ್ನು ಬಿಟ್ಟು ಹೋಗಬೇಡ ಅನ್ನುತ್ತಾಳೆ. ಆಗ ಕಾಯಿಲೆಯಾಗಿತ್ತು ಅನ್ನುತ್ತಾಳೆ ಆ ತಾಯಿ. ಅಷ್ಟು ಹೇಳುವಾಗ ಅಮ್ಮನ ಕೈ ನಿಂತಿತು. "ಕಾಯಿಲೆನೇ ಕಣವ್ವ ಅದು" ಅಂದಳು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಆ ನಾಲ್ಕು ತಿಂಗಳ ಮಾತು ಎತ್ತಿದ್ದು ಅದೇ ಮೊದಲು. ಆಮೇಲೆ ಪ್ರಿಮ್‌ಗೆ ಏನಾಯಿತು ಅಂತ ಕೇಳಿದಳು.

ಅದು ತಿಳಿಯಬೇಕಾದರೆ 2009ರಲ್ಲಿ ಬಂದ ಎರಡನೇ ಪುಸ್ತಕ, 2010ರ ಮೂರನೆಯದು ಓದಬೇಕು. ಎರಡನೆಯದನ್ನು ಮಗಳು ತಂದಿಟ್ಟಿದ್ದಾಳೆ. ಮಿಷಿನ್ ಪಕ್ಕದಲ್ಲಿದೆ, 60ನೇ ಪುಟದಲ್ಲಿ ಲೈನಿಂಗ್ ಬಟ್ಟೆಯ ತುಂಡು ಇಟ್ಟಿದ್ದೇನೆ.